ಗೃಹೋಪಯೋಗಿ ಓವನ್: ದೋಷಗಳೂ ಪರಿಹಾರಗಳೂ

ಓವನ್ ಎಂಬುದು ಮುಚ್ಚಿದ ಗೂಡಿನೊಳಗಣ ಗಾಳಿಯನ್ನೂ ಗೋಡೆಗಳನ್ನೂ ಕಾಯಿಸಿ, ಆ ಶಾಖದಿಂದ ಆಹಾರವನ್ನು ಎಲ್ಲ ಕಡೆಗಳಿಂದಲೂ ಬೇಯಿಸುವ ಸಾಧನ. ಒಲೆಯ ಮೇಲಿಟ್ಟ ಪಾತ್ರೆಗೆ ಶಾಖವು ತಳದಿಂದ ಮಾತ್ರ ಸಲ್ಲುವುದಾದರೆ, ಓವನ್ನಿನೊಳಗಿಟ್ಟ ಪದಾರ್ಥಕ್ಕೆ ಅದು ಮೂರು ಮಾರ್ಗಗಳಿಂದ ಒದಗುತ್ತದೆ: ಕೆಂಪಗೆ ಕಾದ ಕಾಯಿಲಿನಿಂದಲೂ ಗೋಡೆಗಳಿಂದಲೂ ವಿಕಿರಣದ ರೂಪದಲ್ಲಿ, ಒಳಗೆ ಸುಳಿದಾಡುವ ಬಿಸಿಗಾಳಿಯಿಂದ ಸಂವಹನದ ರೂಪದಲ್ಲಿ, ಕಾದ ತಟ್ಟೆಯಿಂದ ನೇರವಾದ ವಹನದ ರೂಪದಲ್ಲಿ. ಈ ಮೂರರಲ್ಲಿ ಯಾವುದೊಂದು ಹೆಚ್ಚುಕಡಿಮೆಯಾದರೂ ಅದರ ಗುರುತು ತಿಂಡಿಯ ಮೇಲೆ ಬಿದ್ದೇ ತೀರುತ್ತದೆಯಾದ್ದರಿಂದ, ಓವನ್ನಿನ ದೋಷಪರೀಕ್ಷೆಯಲ್ಲಿ ಬೆಂದ ಅಥವಾ ಬೇಯದೆ ಉಳಿದ ಪದಾರ್ಥವೇ ಮೊದಲನೆಯ ಸಾಕ್ಷಿ.

ಕರ್ನಾಟಕದ ಮನೆಗಳಿಗೆ ಓವನ್ ಬಂದುದು ತಡವಾಗಿ. ಬ್ರೆಡ್ಡು, ಬನ್ನು, ಬೆಣ್ಣೆ ಬಿಸ್ಕತ್ತುಗಳಿಗೆ ಬೇಕರಿಯ ಇಟ್ಟಿಗೆಗೂಡಿನ ಸೌದೆ ಓವನ್ನೇ ಊರಿಗೆಲ್ಲ ಸಾಕಾಗುತ್ತಿತ್ತು. ಮನೆಯಲ್ಲಿಯೇ ಕೇಕು ಮಾಡಬೇಕೆಂಬ ಉತ್ಸಾಹಿಗಳು ಕುಕ್ಕರಿನ ತಳಕ್ಕೆ ಮರಳನ್ನೋ ಉಪ್ಪನ್ನೋ ಹರವಿ, ಗ್ಯಾಸ್ಕೆಟ್ಟನ್ನೂ ವೆಯ್ಟನ್ನೂ ತೆಗೆದಿಟ್ಟು, ಅದನ್ನೇ ಓವನ್ನಾಗಿಸಿಕೊಳ್ಳುತ್ತಿದ್ದರು. ಮುಚ್ಚಳದಲ್ಲಿ ಗಾಜಿನ ಕಿಂಡಿಯಿದ್ದ ದುಂಡನೆಯ ಅಲ್ಯೂಮಿನಿಯಂ ಓವನ್ ಕೆಲವು ಮನೆಗಳನ್ನು ಸೇರಿತು. ಈಗ ಹೆಚ್ಚಾಗಿ ಕಾಣಸಿಗುವುದು ಒಟಿಜಿ ಎಂದು ಕರೆಯಲ್ಪಡುವ ಮೇಜಿನ ಮೇಲಿಡುವ ಪೆಟ್ಟಿಗೆ. ಅದರೊಂದಿಗೆ ಮೈಕ್ರೊವೇವ್, ಗೋಡೆಯ ಕಪಾಟಿನಲ್ಲಿ ಕೂಡಿಸುವ ದೊಡ್ಡ ವಿದ್ಯುತ್ ಓವನ್, ವಿರಳವಾಗಿ ಗ್ಯಾಸ್ ಓವನ್. ಈ ಲೇಖನವು ಮುಖ್ಯವಾಗಿ ವಿದ್ಯುತ್ ಓವನ್ನನ್ನು ಕುರಿತದ್ದು. ಉಳಿದವುಗಳ ಪ್ರಸ್ತಾಪ ಕೊನೆಯಲ್ಲಿ ಬರುತ್ತದೆ.

ವಿದ್ಯುತ್ ಓವನ್ನಿನ ರಚನೆ ಹೊರಗಿನಿಂದ ತೋರುವುದಕ್ಕಿಂತ ಸರಳವಾದದ್ದು. ಇದರ ಜೀವಾಳವಾದ ಕಾಯಿಲ್ ನಿಕ್ರೋಮ್ ಎಂಬ ಮಿಶ್ರಲೋಹದ್ದು. ಸುಮಾರು 80 ಪಾಲು ನಿಕಲ್ಲಿಗೆ 20 ಪಾಲು ಕ್ರೋಮಿಯಂ ಬೆರೆಸಿದ ಈ ಲೋಹಕ್ಕೆ ಅಮೆರಿಕದ ಆಲ್ಬರ್ಟ್ ಮಾರ್ಷ್ 1906ರಲ್ಲಿ ಪೇಟೆಂಟ್ ಪಡೆದನು. ಕೆಂಪಗೆ ಕಾದರೂ ಗಾಳಿಯಲ್ಲಿ ಉರಿದುಹೋಗದೆ, ತನ್ನ ಮೇಲೆ ಕ್ರೋಮಿಯಂ ಆಕ್ಸೈಡಿನ ತೆಳುವಾದ ಪೊರೆಯೊಂದನ್ನು ತಾನೇ ಬೆಳೆಸಿಕೊಂಡು ಉಳಿಯುವ ಇಂಥ ತಂತಿ ದೊರೆತ ಮೇಲೆಯೇ ವಿದ್ಯುತ್ತಿನಿಂದ ರೊಟ್ಟಿ ಸುಡುವ ಕನಸು ನನಸಾಯಿತು. ಈ ತಂತಿಯನ್ನು ಸುರುಳಿ ಸುತ್ತಿ, ಲೋಹದ ಕೊಳವೆಯೊಳಗಿಟ್ಟು, ನಡುವಣ ಎಡೆಯಲ್ಲಿ ಮೆಗ್ನೀಸಿಯಂ ಆಕ್ಸೈಡಿನ ಪುಡಿಯನ್ನು ಒತ್ತಿ ತುಂಬಿರುತ್ತಾರೆ. ಈ ಪುಡಿ ಶಾಖವನ್ನು ಬಿಡುತ್ತದೆ, ವಿದ್ಯುತ್ತನ್ನು ತಡೆಯುತ್ತದೆ. ಹೀಗೆ ಮೇಲೊಂದು ಕೆಳಗೊಂದು ಕಾಯಿಲ್, ಯಾವುದು ಉರಿಯಬೇಕೆಂದು ಆರಿಸುವ ಸ್ವಿಚ್ಚು, ಉಷ್ಣತೆಯನ್ನು ಹತೋಟಿಯಲ್ಲಿಡುವ ಥರ್ಮೋಸ್ಟ್ಯಾಟ್, ಟೈಮರ್, ಮಿತಿಮೀರಿ ಕಾದಾಗ ಸಂಪರ್ಕ ಕಡಿದುಕೊಳ್ಳುವ ಥರ್ಮಲ್ ಫ್ಯೂಸ್: ದೋಷಗಳೆಲ್ಲವೂ ಈ ಕೆಲವೇ ಭಾಗಗಳಲ್ಲಿ ಅಡಗಿರತಕ್ಕವು.

ಓವನ್ ಸ್ವಲ್ಪವೂ ಬಿಸಿಯಾಗುತ್ತಿಲ್ಲ, ದೀಪವೂ ಹತ್ತುತ್ತಿಲ್ಲ ಎಂಬ ದೂರಿನ ಮೂಲ ಬಹುಪಾಲು ಓವನ್ನಿನ ಹೊರಗೇ ಇರುತ್ತದೆ. ಒಟಿಜಿಯಲ್ಲಿ ಟೈಮರ್ ಬರಿಯ ಗಂಟೆಯಲ್ಲ, ಅದೇ ಮುಖ್ಯ ಸ್ವಿಚ್ಚು. ಅದು ಸೊನ್ನೆಯಲ್ಲಿರುವವರೆಗೆ ಉಳಿದ ನಾಬ್‌ಗಳನ್ನು ಎಷ್ಟು ತಿರುಗಿಸಿದರೂ ವ್ಯರ್ಥ. ಹೊಸದಾಗಿ ಕೊಂಡವರು ಮೊದಲ ದಿನವೇ ಅಂಗಡಿಗೆ ಫೋನು ಮಾಡುವುದು ಸಾಧಾರಣವಾಗಿ ಈ ಕಾರಣಕ್ಕೆ. ಅನಂತರ ನೋಡತಕ್ಕದ್ದು ಸಾಕೆಟ್ಟನ್ನು. 1500 ವ್ಯಾಟಿನ ಓವನ್ 230 ವೋಲ್ಟಿನಲ್ಲಿ ಸುಮಾರು ಆರೂವರೆ ಆಂಪಿಯರ್ ವಿದ್ಯುತ್ತನ್ನು ಎಳೆಯುತ್ತದೆ. ಇದಕ್ಕೆ 16 ಆಂಪಿಯರಿನ ದಪ್ಪ ಪಿನ್ನಿನ ಸಾಕೆಟ್ಟೇ ಬೇಕು. ಅಡುಗೆಮನೆಯಲ್ಲಿ ಅಂಥದೊಂದು ಇಲ್ಲವೆಂದು ಅಡಾಪ್ಟರ್ ಸಿಕ್ಕಿಸಿ, ಮಿಕ್ಸಿಗೆಂದು ಹಾಕಿಸಿದ ಸಣ್ಣ ಸಾಕೆಟ್ಟಿನಲ್ಲಿ ಗಂಟೆಗಟ್ಟಲೆ ಓವನ್ ನಡೆಸಿದರೆ, ಪಿನ್ನೂ ಹಿತ್ತಾಳೆಯ ತುಟಿಯೂ ಕೂಡುವೆಡೆಯಲ್ಲಿ ಶಾಖ ಹುಟ್ಟಿ, ಮೊದಲು ಕಮಟು ವಾಸನೆ, ತರುವಾಯ ಕಪ್ಪು ಕಲೆ, ಕಡೆಗೆ ಕರಗಿದ ಪ್ಲಾಸ್ಟಿಕ್ ಕಾಣಿಸಿಕೊಳ್ಳುತ್ತವೆ. ಬಳಸಿದ ಮೇಲೆ ಪ್ಲಗ್ಗನ್ನು ಕೀಳುವಾಗ ಅದು ಕೈಗೆ ಸುಡುವಂತಿದ್ದರೆ ಸಾಕೆಟ್ಟನ್ನು ಬದಲಾಯಿಸಬೇಕು. ಓವನ್ನಿಗೆ ಏನೂ ಆಗಿರುವುದಿಲ್ಲ. ಎಕ್ಸ್‌ಟೆನ್ಷನ್ ಬೋರ್ಡಿನ ಮಾತಂತೂ ಎತ್ತಲೇಬಾರದು.

ಸಾಕೆಟ್ಟು ಸರಿಯಿದ್ದೂ ಓವನ್ ಮೌನವಾಗಿದ್ದರೆ ಥರ್ಮಲ್ ಫ್ಯೂಸ್ ಹೋಗಿರಬಹುದು. ಇದು ಒಮ್ಮೆ ಕಡಿದರೆ ಮತ್ತೆ ಕೂಡುವುದಿಲ್ಲ, ಹೊಸದನ್ನೇ ಹಾಕಬೇಕು. ಬೆಲೆ ಅತ್ಯಲ್ಪ, ಆದರೆ ಅದು ಸುಮ್ಮಸುಮ್ಮನೆ ಕಡಿಯುವ ವಸ್ತುವಲ್ಲ. ಗೋಡೆಗೆ ತೀರ ಒತ್ತಿ ಓವನ್ನನ್ನು ಇಟ್ಟುದರಿಂದ ಹಿಂಬದಿಯ ಬಿಸಿಗಾಳಿಗೆ ದಾರಿ ತಪ್ಪಿತೇ, ಥರ್ಮೋಸ್ಟ್ಯಾಟಿನ ತುದಿಗಳು ಅಂಟಿಕೊಂಡು ಕಾಯಿಲ್ ಆರದೆ ಉರಿಯಿತೇ ಎಂಬುದನ್ನು ತಿಳಿಯದೆ ಫ್ಯೂಸನ್ನು ಬದಲಾಯಿಸಿದರೆ ಎರಡನೆಯದೂ ಅದೇ ಹಾದಿ ಹಿಡಿಯುತ್ತದೆ. ಫ್ಯೂಸನ್ನೇ ತೆಗೆದು ತಂತಿಯಿಂದ ನೇರವಾಗಿ ಜೋಡಿಸಿಕೊಡುವ ರಿಪೇರಿಯವರೂ ಇದ್ದಾರೆ. ಅಂಥವರ ಕೈಗೆ ಓವನ್ನನ್ನು ಕೊಡುವುದಕ್ಕಿಂತ ಅದನ್ನು ಅಟ್ಟದ ಮೇಲೆ ಹಾಕುವುದು ಲೇಸು.

ಓವನ್ ಬಿಸಿಯಾಗುತ್ತದೆ, ಆದರೆ ಸಾಲದು ಎಂಬ ಎರಡನೆಯ ದೂರಿಗೆ ನಮ್ಮ ದೇಶದಲ್ಲಿ ಒಂದು ವಿಶೇಷ ಕಾರಣವುಂಟು. ಕಾಯಿಲ್ ಹೊರಸೂಸುವ ಶಾಖವು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುತ್ತದೆಯಾಗಿ, ವೋಲ್ಟೇಜು ತುಸು ತಗ್ಗಿದರೂ ಶಾಖವು ಬಹಳ ತಗ್ಗುತ್ತದೆ. ಸಂಜೆಯ ಹೊತ್ತು, ಬೀದಿಯ ಮನೆಗಳಲ್ಲೆಲ್ಲ ದೀಪ, ಪಂಪು, ಗೀಸರುಗಳು ಒಟ್ಟಿಗೆ ನಡೆಯುವಾಗ, 230 ಇರಬೇಕಾದದ್ದು 180 ವೋಲ್ಟಿಗೆ ಇಳಿಯಿತೆನ್ನೋಣ. ಆಗ 1500 ವ್ಯಾಟಿನ ಓವನ್ ಸುಮಾರು 920 ವ್ಯಾಟಿನದಾಗಿ ಬಿಡುತ್ತದೆ, ಎಂದರೆ ಐದರಲ್ಲಿ ಮೂರು ಪಾಲಿನಷ್ಟು ಶಕ್ತಿ ಮಾತ್ರ ಉಳಿಯುತ್ತದೆ. ಬೆಳಗ್ಗೆ ಮಾಡಿದ ಕೇಕು ಉಬ್ಬಿ ಬಂದು, ಅದೇ ಅಳತೆಯಲ್ಲಿ ಸಂಜೆ ಮಾಡಿದ್ದು ನಡುವೆ ಹಸಿಹಸಿಯಾಗಿ ಕುಸಿದರೆ, ಮೊಟ್ಟೆಯನ್ನೂ ಮೈದಾವನ್ನೂ ದೂರುವ ಮೊದಲು ಮಲ್ಟಿಮೀಟರಿನಿಂದ ವೋಲ್ಟೇಜನ್ನು ನೋಡುವುದು ಯುಕ್ತ. ಥರ್ಮೋಸ್ಟ್ಯಾಟ್ ಈ ಕೊರತೆಯನ್ನು ಒಂದು ಮಟ್ಟದವರೆಗೆ ತುಂಬಿಕೊಡಬಲ್ಲದು: ಕಾಯಿಲ್ಲನ್ನು ಹೆಚ್ಚು ಹೊತ್ತು ಉರಿಸುತ್ತದೆ, ಆದರೆ ಓವನ್ ಕಾಯಲು ತೆಗೆದುಕೊಳ್ಳುವ ವೇಳೆಯೂ, ಬಾಗಿಲು ತೆರೆದು ಮುಚ್ಚಿದ ಮೇಲೆ ಚೇತರಿಸಿಕೊಳ್ಳುವ ವೇಳೆಯೂ ಬೆಳೆಯುತ್ತವೆ.

ಒಂದು ಕಡೆ ಮಾತ್ರ ಬೇಯುತ್ತಿದೆ, ತಳ ಕಂದಾದರೂ ಮೇಲ್ಭಾಗ ಬಿಳುಚಿಕೊಂಡಿದೆ ಎಂದಾದರೆ ಒಂದು ಕಾಯಿಲ್ ಸತ್ತಿರುವ ಸಂಭವವುಂಟು. ಎರಡೂ ಕಾಯಿಲ್ ಉರಿಯುವಂತೆ ಸ್ವಿಚ್ಚನ್ನು ಆರಿಸಿ, ಕೋಣೆಯ ದೀಪ ಆರಿಸಿ ಗಾಜಿನ ಮೂಲಕ ನೋಡಿದರೆ ಸಾಮಾನ್ಯವಾಗಿ ಇದು ಬರಿಗಣ್ಣಿಗೇ ತಿಳಿಯುತ್ತದೆ. ಕೊಳವೆಯ ಮೇಲೆ ಗುಳ್ಳೆ, ಬಿರುಕು, ಅಥವಾ ಸುಟ್ಟು ತೂತಾದ ಒಂದು ಚುಕ್ಕೆ ಕಂಡರೆ ಅನುಮಾನವೇ ಬೇಡ. ಖಚಿತವಾಗಬೇಕಾದರೆ ಪ್ಲಗ್ ಕಿತ್ತು, ಓವನ್ ಪೂರ್ತಿ ಆರಿದ ಮೇಲೆ, ಕಾಯಿಲಿನ ಒಂದು ತುದಿಯ ತಂತಿಯನ್ನು ಬಿಡಿಸಿ ಪ್ರತಿರೋಧವನ್ನು ಅಳೆಯಬೇಕು: 230 ವೋಲ್ಟಿಗೆಂದು ಮಾಡಿದ 750 ವ್ಯಾಟಿನ ಕಾಯಿಲ್ 70 ಓಮಿನ ಆಸುಪಾಸಿನಲ್ಲಿ ತೋರುತ್ತದೆ, ಮೀಟರ್ ಏನನ್ನೂ ತೋರದೆ ಅನಂತವೆಂದರೆ ಒಳಗೆ ತಂತಿ ಕಡಿದಿದೆ. ಕಾಯಿಲ್ ಸರಿಯಿದ್ದೂ ಉರಿಯದಿದ್ದರೆ ಆಯ್ಕೆಯ ಸ್ವಿಚ್ಚನ್ನೂ, ಕಾಯಿಲಿನ ತುದಿಗೆ ಸಿಕ್ಕಿಸಿದ ಲಗ್ಗನ್ನೂ ನೋಡಬೇಕು. ನಿತ್ಯವೂ ಕಾದು ತಣಿಯುವುದರಿಂದ ಈ ಲಗ್ಗುಗಳು ಸಡಿಲಾಗಿ, ಕಿಡಿ ಹಾರಿ, ಕರಿಕಟ್ಟಿ ನಿಂತಿರುವುದು ಹಳೆಯ ಓವನ್ನುಗಳಲ್ಲಿ ಸರ್ವೇಸಾಮಾನ್ಯ.

ಆದರೂ ಓವನ್ ಇಟ್ಟುಕೊಂಡವರನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಾಡುವುದು ಮುರಿದ ಭಾಗವಲ್ಲ, ನಾಬ್‌ನ ಮೇಲೆ ಬರೆದ ಅಂಕಿ. 180 ಎಂದು ತಿರುಗಿಸಿದರೆ ಒಳಗೆ 180 ಡಿಗ್ರಿ ಇರುತ್ತದೆಂಬ ನಂಬಿಕೆಯಿಂದಲೇ ಎಷ್ಟೋ ಕೇಕುಗಳು ಕೆಟ್ಟಿವೆ. ಸಾಮಾನ್ಯ ಒಟಿಜಿಯ ಥರ್ಮೋಸ್ಟ್ಯಾಟಿನಲ್ಲಿ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವ ಎರಡು ಲೋಹಗಳನ್ನು ಬೆಸೆದ ಪಟ್ಟಿಯೊಂದು ಇರುತ್ತದೆ. ಕಾದಾಗ ಅದು ಬಾಗಿ ಸಂಪರ್ಕವನ್ನು ಕಡಿಯುತ್ತದೆ, ತಣಿದಾಗ ನೆಟ್ಟಗಾಗಿ ಮತ್ತೆ ಕೂಡಿಸುತ್ತದೆ. ಈ ಪಟ್ಟಿ ಇರುವುದು ಗೂಡಿನ ನಡುವೆಯಲ್ಲ, ನಾಬ್‌ಗಳ ಹಿಂದಣ ಬದಿಗೋಡೆಯ ಆಚೆ. ಅದು ತಿಳಿಯುವುದು ತನ್ನ ಮೈಗೆ ತಾಕಿದ ಬಿಸಿಯನ್ನಷ್ಟೆ. ಕಪಾಟಿನ ಓವನ್ನುಗಳಲ್ಲಿ ದ್ರವ ತುಂಬಿದ ಸಣ್ಣ ಬಲ್ಬು ಗೂಡಿನ ಒಳಗೇ ಇದ್ದು, ಕೂದಲೆಳೆಯಂಥ ನಳಿಗೆಯ ಮೂಲಕ ಥರ್ಮೋಸ್ಟ್ಯಾಟಿಗೆ ಒತ್ತಡವನ್ನು ಸಾಗಿಸುತ್ತದೆ. ಈ ಬಲ್ಬು ತನ್ನ ಹಿಡಿಕೆಯಿಂದ ಜಾರಿ ಗೋಡೆಗೆ ತಾಗಿದರೆ ಲೆಕ್ಕವೆಲ್ಲ ತಪ್ಪುತ್ತದೆ. ಎಲೆಕ್ಟ್ರಾನಿಕ್ ಮಾದರಿಗಳಲ್ಲಿ ಈ ಕೆಲಸ ಪ್ಲಾಟಿನಂ ಸೆನ್ಸರಿನದು: ಪಿಟಿ 1000 ಎಂಬ ಜಾತಿಯದು ಸೊನ್ನೆ ಡಿಗ್ರಿಯಲ್ಲಿ 1000 ಓಮ್, 25 ಡಿಗ್ರಿಯಲ್ಲಿ ಸುಮಾರು 1097 ಓಮ್ ತೋರಬೇಕು.

ಥರ್ಮೋಸ್ಟ್ಯಾಟ್ ಯಾವುದೇ ಆಗಲಿ, ಉಷ್ಣತೆಯನ್ನು ಒಂದೇ ಬಿಂದುವಿನಲ್ಲಿ ನಿಲ್ಲಿಸುವುದು ಅದರ ಸ್ವಭಾವವಲ್ಲ. ಕಾಯಿಲ್ ಉರಿದು ಗುರಿಯನ್ನು ದಾಟಿದ ಮೇಲೆ ಆರುತ್ತದೆ, ಗುರಿಗಿಂತ ಕೆಳಗಿಳಿದ ಮೇಲೆ ಹತ್ತುತ್ತದೆ. ಈ ಏರಿಳಿತ ಗುರಿಯ ಮೇಲೂ ಕೆಳಗೂ ಹತ್ತು ಹದಿನೈದು ಡಿಗ್ರಿಗಳಷ್ಟಿರುವುದು ಅಗ್ಗದ ಓವನ್ನುಗಳಲ್ಲಿ ದೋಷವೇ ಅಲ್ಲ. ದೀಪ ಆರಿ ಹತ್ತುವುದನ್ನು ಕಂಡು ಓವನ್ ಕೆಟ್ಟಿತೆಂದು ಭಾವಿಸತಕ್ಕದ್ದಿಲ್ಲ. ದೋಷವೆನ್ನಬೇಕಾದದ್ದು ಈ ಏರಿಳಿತದ ಸರಾಸರಿಯೇ ಗುರಿಯಿಂದ ದೂರವಿದ್ದರೆ. ಅದನ್ನು ತಿಳಿಯಲು ಒಳಗೆ ತೂಗುಹಾಕುವ ಓವನ್ ಥರ್ಮಾಮೀಟರ್ ಸಾಕು: ನಡುವಣ ತಂತಿಜಾಲರಿಯ ಮೇಲೆ ಅದನ್ನಿಟ್ಟು, ಅರ್ಧ ಗಂಟೆ ಕಾಯಲು ಬಿಟ್ಟು, ಆಮೇಲೆ ಬಾಗಿಲು ತೆರೆಯದೆ ಗಾಜಿನ ಮೂಲಕವೇ ಕೆಲವು ನಿಮಿಷಗಳಿಗೊಮ್ಮೆ ಓದಿ ಸರಾಸರಿ ಹಿಡಿಯಬೇಕು. ಥರ್ಮಾಮೀಟರ್ ಇಲ್ಲದವರಿಗೆ ಸಕ್ಕರೆಯ ಪರೀಕ್ಷೆಯೊಂದುಂಟು. ಸಕ್ಕರೆ ಕರಗುವುದು ಸುಮಾರು 186 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಒಂದು ಚಮಚ ಸಕ್ಕರೆಯನ್ನು ಸಣ್ಣ ಬಟ್ಟಲಿನಲ್ಲಿ ಹಾಕಿ, 175ಕ್ಕೆ ಕಾದ ಓವನ್ನಿನಲ್ಲಿ ಕಾಲು ಗಂಟೆ ಇಟ್ಟಾಗ ಅದು ಹರಳಾಗಿಯೇ ಉಳಿಯಬೇಕು, 190ಕ್ಕೆ ಏರಿಸಿದಾಗ ಕರಗಬೇಕು. ಮೊದಲನೆಯದರಲ್ಲೇ ಪಾಕವಾದರೆ ಓವನ್ ಹೆಚ್ಚು ಬಿಸಿ, ಎರಡನೆಯದರಲ್ಲೂ ಹರಳಾಗಿದ್ದರೆ ಕಡಿಮೆ. ಒರಟು ಪರೀಕ್ಷೆಯೇ ಸರಿ, ಆದರೆ ಕುರುಡು ನಂಬಿಕೆಗಿಂತ ಮೇಲು. ವ್ಯತ್ಯಾಸವು ಎಲ್ಲ ಅಂಕಿಗಳಲ್ಲೂ ಒಂದೇ ಸಮನಾಗಿದ್ದರೆ ರಿಪೇರಿಯ ಅಗತ್ಯವೇ ಇಲ್ಲ: 20 ಡಿಗ್ರಿ ಕಡಿಮೆ ತೋರುವ ಓವನ್ನಿಗೆ ನಾಬನ್ನು 20 ಹೆಚ್ಚಿಗೆ ತಿರುಗಿಸಿದರಾಯಿತು. ವ್ಯತ್ಯಾಸವು ದಿನಕ್ಕೊಂದು ಬಗೆಯಾಗಿ ಬದಲಾಗುತ್ತಿದ್ದರೆ ಮಾತ್ರ ಥರ್ಮೋಸ್ಟ್ಯಾಟನ್ನು ಬದಲಾಯಿಸಬೇಕು.

ಉಷ್ಣತೆ ಸರಿಯಿದ್ದೂ ಅಡುಗೆ ಕೆಡುವುದುಂಟು. ಹಿಟ್ಟಿನ ಮೇಲ್ಮೈ ಕಂದುಬಣ್ಣಕ್ಕೆ ತಿರುಗುವ ಕ್ರಿಯೆ, 1912ರಲ್ಲಿ ಫ್ರಾನ್ಸಿನ ಲೂಯಿ ಕಾಮಿಯ್ ಮೈಯಾರ್ ಮೊದಲು ವಿವರಿಸಿದುದು, ಸುಮಾರು 140 ಡಿಗ್ರಿಯ ಮೇಲೆ ಚುರುಕಾಗುತ್ತದೆ. ಕಪ್ಪು ಬಣ್ಣದ ಟಿನ್ನು ವಿಕಿರಣವನ್ನು ಹೆಚ್ಚಾಗಿ ಹೀರುವುದರಿಂದ ಅದರ ತಳದಲ್ಲಿ ಈ ಬಣ್ಣ ಬೇಗ ಏರಿ ಸೀಯುತ್ತದೆ, ಹೊಳೆಯುವ ಅಲ್ಯೂಮಿನಿಯಂ ಟಿನ್ನಿನಲ್ಲಿ ತಡವಾಗುತ್ತದೆ. ಸಣ್ಣ ಓವನ್ನಿನಲ್ಲಿ ಕಾಯಿಲಿಗೂ ಟಿನ್ನಿಗೂ ನಡುವೆ ಹೆಚ್ಚು ಎಡೆಯಿರುವುದಿಲ್ಲ. ಆದ್ದರಿಂದ ಎತ್ತರದ ಟಿನ್ನನ್ನು ನಡುವಿನ ಜಾಲರಿಯಲ್ಲಿಟ್ಟರೆ ಅದರ ನೆತ್ತಿ ಮೇಲಿನ ಕಾಯಿಲಿಗೆ ಸಮೀಪವಾಗಿ, ಒಳಭಾಗ ಬೇಯುವ ಮೊದಲೇ ಮೇಲೆ ಗಟ್ಟಿಪೊರೆ ಕಟ್ಟುತ್ತದೆ, ಒಳಗಿನ ಆವಿ ಅದನ್ನು ಒಡೆದು ಹೊರಬರುತ್ತದೆ. ನಡುವೆ ಗೋಪುರವೆದ್ದು ಬಿರಿದ ಕೇಕಿನ ಕಥೆ ಇಷ್ಟೇ. ಗೂಡಿನ ಅಗಲಕ್ಕೆ ಸರಿಯಾಗಿ ತಟ್ಟೆಯನ್ನು ತುರುಕಿದರೆ ಗಾಳಿ ಮೇಲೆ ಕೆಳಗೆ ಸುಳಿಯಲಾರದೆ ಎರಡು ಭಾಗವಾಗುತ್ತದೆ; ಸುತ್ತಲೂ ಎರಡು ಬೆರಳಿನಷ್ಟಾದರೂ ಜಾಗ ಬಿಡಬೇಕು. ಫ್ಯಾನ್ ಇರುವ ಓವನ್ನಿನಲ್ಲಿ ಬಿಸಿಗಾಳಿಯ ಹೊಡೆತ ಹೆಚ್ಚಾದುದರಿಂದ, ಪುಸ್ತಕದಲ್ಲಿ ಹೇಳಿದ ಉಷ್ಣತೆಗಿಂತ ಸುಮಾರು 20 ಡಿಗ್ರಿ ಕಡಿಮೆ ಇಡುವುದು ವಾಡಿಕೆ. ಒಂದು ಮೂಲೆ ಮಾತ್ರ ಯಾವಾಗಲೂ ಹೆಚ್ಚು ಬೇಯುವುದು ಬಹುಮಟ್ಟಿಗೆ ಎಲ್ಲ ಓವನ್ನುಗಳ ಹುಟ್ಟುಗುಣ. ಮುಕ್ಕಾಲು ವೇಳೆ ಕಳೆದ ಮೇಲೆ ತಟ್ಟೆಯನ್ನು ತಿರುಗಿಸಿಡುವುದೇ ಅದಕ್ಕೆ ಮದ್ದು. ಅದಕ್ಕಿಂತ ಮುಂಚೆ, ಉಬ್ಬುತ್ತಿರುವ ಹಿಟ್ಟು ಇನ್ನೂ ಗಟ್ಟಿಯಾಗದಿರುವಾಗ, ಕುತೂಹಲಕ್ಕೆಂದು ಬಾಗಿಲು ತೆರೆದವರ ಕೇಕು ಕುಸಿದರೆ ಓವನ್ ಹೊಣೆಯಲ್ಲ.

ಬಾಗಿಲೂ ತಾನೇ ಒಂದು ರೋಗಸ್ಥಾನ. ಹಿಂಜಿನ ಸ್ಪ್ರಿಂಗ್ ಸಡಿಲಾಗಿ ಬಾಗಿಲು ಕೂದಲೆಳೆಯಷ್ಟು ತೆರೆದಿದ್ದರೂ ಬಿಸಿಗಾಳಿ ಮೇಲ್ತುದಿಯಿಂದ ಸೋರಿ, ಮುಂಭಾಗದ ತಿಂಡಿ ಹಸಿಯಾಗಿ ಉಳಿಯುತ್ತದೆ. ನಾಬ್‌ಗಳ ಪ್ಲಾಸ್ಟಿಕ್ಕೂ ಬಾಡುತ್ತದೆ. ಬಾಗಿಲಿಗೂ ಚೌಕಟ್ಟಿಗೂ ನಡುವೆ ಕಾಗದದ ಪಟ್ಟಿಯೊಂದನ್ನಿಟ್ಟು ಮುಚ್ಚಿ, ತಣ್ಣಗಿರುವಾಗ ಎಳೆದು ನೋಡಬೇಕು. ಬಿಗಿಯಾಗಿ ಹಿಡಿಯದ ಕಡೆ ಗ್ಯಾಸ್ಕೆಟ್ ಸವೆದಿದೆ, ಅಥವಾ ಹಿಂಜು ವಾಲಿದೆ. ಗಾಜಿನ ಮೇಲೆ ಬಿಸಿಯಲ್ಲಿ ತಣ್ಣೀರು ಚಿಮುಕಿಸುವುದು ಅದು ಸಿಡಿಯಲು ಸುಲಭವಾದ ದಾರಿ.

ಮಲೆನಾಡು ಕರಾವಳಿಗಳ ಮನೆಗಳಲ್ಲಿ ಮಳೆಗಾಲದಲ್ಲಿ ಒಂದು ವಿಚಿತ್ರವಾದ ದೂರು ಬರುತ್ತದೆ: ತಿಂಗಳುಗಟ್ಟಲೆ ಮುಟ್ಟದೆ ಇಟ್ಟಿದ್ದ ಓವನ್ನಿನ ಸ್ವಿಚ್ಚು ಹಾಕಿದ ಕೂಡಲೇ ಮನೆಯ ಆರ್‌ಸಿಸಿಬಿ ಬಿದ್ದು ಇಡೀ ಮನೆಗೆ ಕತ್ತಲೆ. ಮೇಲೆ ಹೇಳಿದ ಮೆಗ್ನೀಸಿಯಂ ಆಕ್ಸೈಡಿನ ಪುಡಿ ತೇವವನ್ನು ಹೀರುವ ಸ್ವಭಾವದ್ದು. ಕಾಯಿಲಿನ ತುದಿಗಳ ಮುದ್ರೆ ಸವೆದಿದ್ದರೆ ಆಷಾಢದ ಗಾಳಿಯ ತೇವ ಒಳಹೊಕ್ಕು, ನಿರೋಧಕವಾಗಿದ್ದ ಪುಡಿ ಅಲ್ಪಸ್ವಲ್ಪ ವಿದ್ಯುದ್ವಾಹಕವಾಗಿ, ವಿದ್ಯುತ್ತು ಕೊಳವೆಯ ಲೋಹಕ್ಕೂ ಅಲ್ಲಿಂದ ಅರ್ತಿಗೂ ಸೋರತೊಡಗುತ್ತದೆ. ಮನೆಗಳಲ್ಲಿ ಸಾಮಾನ್ಯವಾಗಿ ಬಳಸುವ ಆರ್‌ಸಿಸಿಬಿ 30 ಮಿಲಿಆಂಪಿಯರ್ ಸೋರಿಕೆಗೇ ಬೀಳುವಂಥದು. ಎಲೆಕ್ಟ್ರಿಷಿಯನ್ 500 ವೋಲ್ಟಿನ ಮೆಗ್ಗರ್ ಇಟ್ಟು ನೋಡಿದರೆ ಇದು ಒಡನೆಯೇ ತಿಳಿಯುತ್ತದೆ. ಕಾಯಿಲ್ಲನ್ನು ಬಿಚ್ಚಿ ಹದವಾದ ಬಿಸಿಯಲ್ಲಿ ಕೆಲವು ಗಂಟೆ ಒಣಗಿಸಿದರೆ ಬಹಳ ಸಲ ಅದು ಮೊದಲಿನಂತಾಗುತ್ತದೆ. ಆಗದಿದ್ದರೆ ಹೊಸ ಕಾಯಿಲ್ ಬೇಕು. ಮಳೆಗಾಲದಲ್ಲಿ ವಾರಕ್ಕೊಮ್ಮೆ ಕಡಿಮೆ ಉಷ್ಣತೆಯಲ್ಲಿ ಸ್ವಲ್ಪ ಹೊತ್ತು ಓವನ್ನನ್ನು ಬರಿದೇ ಕಾಯಿಸುವವರಿಗೆ ಈ ಕಾಟ ಬರುವುದಿಲ್ಲ. ಆರ್‌ಸಿಸಿಬಿ ಇಲ್ಲದ, ಅರ್ತಿಂಗ್ ಸರಿಯಿಲ್ಲದ ಹಳೆಯ ಮನೆಯಲ್ಲಾದರೋ ಇದೇ ಸೋರಿಕೆ ಓವನ್ನಿನ ಮೈ ಮುಟ್ಟಿದವರಿಗೆ ಶಾಕ್ ಆಗಿ ತೋರುತ್ತದೆ. ಬಾಗಿಲಿನ ಹಿಡಿ ಚುರುಗುಟ್ಟಿತೆಂದರೆ ಅಂದಿಗೆ ಓವನ್ನಿನ ಪ್ಲಗ್ ಕಿತ್ತಿಡಬೇಕು, ಅರ್ತಿನ ದಪ್ಪ ಪಿನ್ನಿಗೆ ತಂತಿ ನಿಜವಾಗಿಯೂ ಬಂದಿದೆಯೇ ಎಂದು ತೋರಿಸಬೇಕು.

ಹೊಸ ಓವನ್ ಮೊದಲ ಸಲ ಕಾದಾಗ ಹೊಗೆಯಾಡುವುದು ಕಾಯಿಲಿಗೆ ಬಳಿದ ಎಣ್ಣೆಯಿಂದ; ಕಿಟಕಿ ತೆರೆದು ಕಾಲು ಗಂಟೆ ಬರಿದೇ ಕಾಯಿಸಿದರೆ ಅದು ತೀರಿತು. ಹಳೆಯ ಓವನ್ನಿನ ಹೊಗೆ ಹಿಂದಿನ ಅಡುಗೆಯ ಜಿಡ್ಡಿನದು. ಅಡಿಗೆ ಅಲ್ಯೂಮಿನಿಯಂ ಫಾಯಿಲ್ ಹಾಸಿ ಶುಚಿತ್ವದ ಕಷ್ಟ ತಪ್ಪಿಸಿಕೊಳ್ಳಬೇಕೆಂಬ ಉಪಾಯ ಬಲು ಜನಪ್ರಿಯ, ಆದರೆ ಕೆಳಗಿನ ಕಾಯಿಲಿಗೆ ಫಾಯಿಲ್ ತಾಗಿದರೆ ಶಾಖ ಅಲ್ಲೇ ಸಿಕ್ಕಿ ಕಾಯಿಲ್ ಸುಡುತ್ತದೆ. 1963ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ ಹೊರತಂದ ಸ್ವಯಂಶುದ್ಧಿಯ ಓವನ್ ಸುಮಾರು 500 ಡಿಗ್ರಿಗೆ ಕಾದು ಜಿಡ್ಡನ್ನು ಬೂದಿ ಮಾಡುತ್ತದೆ. ಈಗ ಕಪಾಟಿನ ದುಬಾರಿ ಮಾದರಿಗಳಲ್ಲಿ ಈ ಸೌಕರ್ಯವುಂಟು. ಬಾಗಿಲಿನ ಬೀಗ ಸಿಕ್ಕಿಕೊಳ್ಳುವುದು, ಥರ್ಮಲ್ ಫ್ಯೂಸ್ ಹೋಗುವುದು, ಎಲೆಕ್ಟ್ರಾನಿಕ್ ಬೋರ್ಡು ಬಾಡುವುದು ಹೆಚ್ಚಾಗಿ ಈ ಸ್ವಯಂಶುದ್ಧಿಯ ಮಾರನೆಯ ದಿನವೇ. ಹಬ್ಬದ ಹಿಂದಿನ ದಿನ ಅದನ್ನು ನಡೆಸದಿರುವುದು ಜಾಣತನ. ಇನ್ನು ಜಿರಲೆಗಳು: ಬೆಚ್ಚಗಿನ ಕತ್ತಲೆಯ ನಾಬ್‌ಗಳ ಹಿಂಬದಿ ಅವುಗಳಿಗೆ ಬಲು ಪ್ರಿಯವಾದ ತಾಣ, ಸ್ವಿಚ್ಚಿನ ತುದಿಗಳ ನಡುವೆ ಸಿಕ್ಕಿ ಸತ್ತ ಒಂದು ಜಿರಲೆ ಸಂಪರ್ಕವನ್ನೇ ತಡೆಯಬಲ್ಲದು.

ಗ್ಯಾಸ್ ಓವನ್ನಿನ ಚರಿತ್ರೆ ಹಳೆಯದು. ಇಂಗ್ಲೆಂಡಿನ ನಾರ್ತಾಂಪ್ಟನ್ನಿನ ಜೇಮ್ಸ್ ಶಾರ್ಪ್ 1826ರಲ್ಲಿಯೇ ಗ್ಯಾಸಿನ ಒಲೆಗೆ ಪೇಟೆಂಟ್ ಪಡೆದಿದ್ದನು. ಆದರೆ ರೆಗ್ಯುಲೋ ಎಂಬ ಥರ್ಮೋಸ್ಟ್ಯಾಟ್ 1923ರಲ್ಲಿ ಬರುವವರೆಗೆ ಅದರ ಉಷ್ಣತೆ ಅಡುಗೆಯವರ ಕೈಯಳತೆಯಲ್ಲೇ ಇತ್ತು. ಇದರಲ್ಲಿ ಸಾಮಾನ್ಯವಾಗಿ ಕಾಣುವ ತೊಂದರೆಯೆಂದರೆ, ನಾಬನ್ನು ಒತ್ತಿ ಹಿಡಿದಿರುವಷ್ಟು ಹೊತ್ತು ಉರಿದು, ಬಿಟ್ಟೊಡನೆ ಜ್ವಾಲೆ ಆರಿಹೋಗುವುದು. ಜ್ವಾಲೆಯಲ್ಲಿ ಮುಳುಗಿರಬೇಕಾದ ಥರ್ಮೋಕಪಲ್ ಎಂಬ ಕಡ್ಡಿ, ಕಾದಾಗ ತಾನು ಹುಟ್ಟಿಸುವ ಕೆಲವು ಹತ್ತು ಮಿಲಿವೋಲ್ಟುಗಳಿಂದ ಗ್ಯಾಸಿನ ಕವಾಟವನ್ನು ತೆರೆದು ಹಿಡಿಯುತ್ತದೆ. ಅದರ ತುದಿಗೆ ಮಸಿ ಹಿಡಿದಿದ್ದರೆ ಅಥವಾ ಅದು ಜ್ವಾಲೆಯಿಂದ ಓಸರಿಸಿದ್ದರೆ ಕವಾಟ ಮುಚ್ಚಿಕೊಳ್ಳುತ್ತದೆ. ಒರೆಸಿ ನೆಟ್ಟಗೆ ಕೂಡಿಸಿದರೆ ಅನೇಕ ವೇಳೆ ಸರಿಯಾಗುತ್ತದೆ. ಜ್ವಾಲೆ ನೀಲಿಯಾಗಿರದೆ ಹಳದಿಯಾಗಿ ಪಾತ್ರೆಗೆ ಮಸಿ ಹಿಡಿಸಿದರೆ ಬರ್ನರಿಗೆ ಗಾಳಿ ಸಾಲದು. ಗ್ಯಾಸಿನ ವಾಸನೆ ಬಂದಾಗ ಮಾತ್ರ ಯಾವ ಪರೀಕ್ಷೆಯೂ ಬೇಡ: ಎಲ್‌ಪಿಜಿ ಗಾಳಿಗಿಂತ ಭಾರವಾದುದರಿಂದ ನೆಲಮಟ್ಟದಲ್ಲಿ ಹರಡಿ ನಿಲ್ಲುತ್ತದೆ; ಯಾವ ಸ್ವಿಚ್ಚನ್ನೂ ಹಾಕದೆ, ಆರಿಸದೆ, ರೆಗ್ಯುಲೇಟರನ್ನು ಮುಚ್ಚಿ, ಬಾಗಿಲುಗಳನ್ನು ತೆರೆದು, ಹೊರಬಂದು 1906ಕ್ಕೆ ಕರೆಮಾಡಬೇಕು.

ಮೈಕ್ರೊವೇವ್ ಹೆಸರಿಗೆ ಓವನ್ನಾದರೂ ಕುಲದಲ್ಲಿ ಬೇರೆ. 1945ರಲ್ಲಿ ಅಮೆರಿಕದ ಪರ್ಸಿ ಸ್ಪೆನ್ಸರ್ ಪೇಟೆಂಟಿಗೆ ಅರ್ಜಿ ಹಾಕಿದ ಈ ವಿಧಾನದಲ್ಲಿ, 2.45 ಗಿಗಾಹರ್ಟ್ಸ್ ಆವೃತ್ತಿಯ ತರಂಗಗಳು ಮುಖ್ಯವಾಗಿ ಆಹಾರದಲ್ಲಿರುವ ನೀರನ್ನು ಕಾಯಿಸುತ್ತವೆ. ಅದು ದುರ್ಬಲವಾಯಿತೆಂಬ ಅನುಮಾನವಿದ್ದರೆ ಒಂದು ಲೀಟರ್ ನೀರನ್ನು ಪೂರ್ಣ ಶಕ್ತಿಯಲ್ಲಿ ಒಂದು ನಿಮಿಷ ಕಾಯಿಸಿ, ಉಷ್ಣತೆ ಎಷ್ಟು ಡಿಗ್ರಿ ಏರಿತೋ ಅದನ್ನು 70ರಿಂದ ಗುಣಿಸಬೇಕು. ಬಂದದ್ದು ಸುಮಾರಾಗಿ ಅದರ ವ್ಯಾಟು. ಒಳಗೆ ಕಿಡಿ ಹಾರಿದರೆ ಜರಿಯಂಚಿನ ಪಾತ್ರೆಯೋ, ಬದಿಗೋಡೆಯ ಅಭ್ರಕದ ತಗಡಿಗೆ ಹಿಡಿದ ಜಿಡ್ಡೋ ಕಾರಣ. ಅಭ್ರಕದ ತಗಡನ್ನು ಕತ್ತರಿಸಿ ಹೊಸದಾಗಿ ಹಾಕುವುದು ಸುಲಭ. ತಟ್ಟೆ ತಿರುಗುತ್ತದೆ, ದೀಪ ಹತ್ತುತ್ತದೆ, ಆದರೆ ಬಿಸಿಯಾಗುವುದಿಲ್ಲವೆಂದರೆ ದೋಷವು ಮ್ಯಾಗ್ನೆಟ್ರಾನ್, ಡಯೋಡ್, ಕೆಪಾಸಿಟರುಗಳ ಅಧಿಕ ವೋಲ್ಟೇಜಿನ ಭಾಗದ್ದು. ಪ್ಲಗ್ ಕಿತ್ತ ಮೇಲೂ ಆ ಕೆಪಾಸಿಟರಿನಲ್ಲಿ ಪ್ರಾಣಾಂತಕವಾದ ವಿದ್ಯುತ್ತು ಉಳಿದಿರಬಲ್ಲದಾದುದರಿಂದ ಅದರ ಹೊರಕವಚವನ್ನು ಮನೆಯವರು ಬಿಚ್ಚಲೇಕೂಡದು.

ಒಟಿಜಿಯ ಕಾಯಿಲ್, ಥರ್ಮೋಸ್ಟ್ಯಾಟ್, ಟೈಮರುಗಳು ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಬಿಡಿಭಾಗದ ಪೇಟೆಗಳಲ್ಲಿ ಬಿಡಿಯಾಗಿ ಸಿಗುತ್ತವೆ. ಹಳೆಯ ಕಾಯಿಲ್ಲನ್ನು ಜೊತೆಗೆ ಒಯ್ದು, ಅದರ ಉದ್ದ, ತುದಿಯ ಆಕಾರ, ಮೇಲೆ ಕೊರೆದ ವ್ಯಾಟುಗಳನ್ನು ಹೊಂದಿಸಿ ತರಬೇಕು. ಒಂದು ಭಾಗ ಹೋಗಿದ್ದರೆ ರಿಪೇರಿ ಲಾಭಕರ. ಮ್ಯಾಗ್ನೆಟ್ರಾನ್ ಹೋದ ಮೈಕ್ರೊವೇವಿಗೆ, ಗೂಡಿನ ತಗಡೇ ತುಕ್ಕು ಹಿಡಿದು ತೂತಾದ ಒಟಿಜಿಗೆ ಖರ್ಚು ಮಾಡುವುದು ಅಷ್ಟು ಸಮಂಜಸವಲ್ಲ.